ಪೆನ್‌ಡ್ರೈವ್ ಹಾಡಿಗೆ ಬೇಸ್ ಏರಿಸಲು ಯಾವುದು ವಾಸಿ: ಆಡಾಸಿಟಿ, ಎಫ್‌ಎಫ್‌ಎಂಪೆಗ್, ವಿಎಲ್‌ಸಿ

ಜಮಖಂಡಿ, ಮುಧೋಳ, ಅಥಣಿ ಕಡೆ ಕಬ್ಬಿನ ಹಂಗಾಮು ಬಂತೆಂದರೆ ಟ್ರ್ಯಾಕ್ಟರಿಗೆ ಪೆನ್‌ಡ್ರೈವ್ ತುಂಬಿಸುವ ಕೆಲಸವೂ ಬರುತ್ತದೆ. ‘ಬೇಸ್ ಜಾಸ್ತಿ ಮಾಡಿ ಹಾಕ್ರಿ’ ಎನ್ನುವುದೇ ಎಲ್ಲರ ಮಾತು. ಟ್ರ್ಯಾಕ್ಟರಿನ ಪ್ಲೇಯರಿನಲ್ಲಿ ಸರಿಯಾದ ಈಕ್ವಲೈಜರ್ (ದನಿಯ ಬೇರೆ ಬೇರೆ ಪಟ್ಟಿಗಳನ್ನು ಏರಿಸಿ ಇಳಿಸುವ ಸೌಲಭ್ಯ) ಇರುವುದು ಕಡಿಮೆ. ಹಾಗಾಗಿ ಬೇಸ್ ಫೈಲಿನಲ್ಲೇ ಕೂರಬೇಕು. ಡೊಳ್ಳಿನ ರೆಕಾರ್ಡಿಂಗ್, ಗಂಡು ದನಿಯ ಭಜನೆ ಪದ, ಕ್ಯಾಸೆಟ್ಟಿನಿಂದ ಇಳಿಸಿದ ಗೀಗೀ ಪದ, ಒಂದು ಡಿಜೆ ರಿಮಿಕ್ಸ್ – ಇವೇ ಫೈಲುಗಳ ಮೇಲೆ ಎಲ್ಲ ದಾರಿಗಳನ್ನೂ ಹಚ್ಚಿ ಕೇಳಿದ ಹೋಲಿಕೆ ಇದು.

ಹಾಡು, ವಿಡಿಯೊ ಹಚ್ಚುವ ಪ್ಲೇಯರ್ ವಿಎಲ್‌ಸಿಯನ್ನು ಮೊದಲೇ ಬದಿಗಿಡೋಣ. ಅದರ ಈಕ್ವಲೈಜರಿನಲ್ಲಿ 60 ಮತ್ತು 170 ಹರ್ಟ್ಸ್ (ಸೆಕೆಂಡಿಗೆ ಇಷ್ಟು ಕಂಪನ ಎಂಬ ಲೆಕ್ಕ; ಅಂಕಿ ಸಣ್ಣದಾದಷ್ಟೂ ದನಿ ದಪ್ಪ) ಪಟ್ಟಿಗಳನ್ನು ಏರಿಸಿದರೆ ಕೇಳಲು ಚಂದವೇ, ಆದರೆ ಅದು ಹಾಡು ಹಚ್ಚುವಾಗಿನ ಬದಲಾವಣೆ ಮಾತ್ರ, ಫೈಲು ಇದ್ದಂತೆಯೇ ಇರುತ್ತದೆ. ಮೊಬೈಲಿನ ಬೇಸ್ ಬೂಸ್ಟ್ ಕೂಡ ಹಾಗೇ. ಯಾವ ಪಟ್ಟಿ ಏರಿಸಿದರೆ ಏನಾಗುತ್ತದೆ ಎಂದು ಕಿವಿಗೆ ರೂಢಿ ಮಾಡಿಕೊಳ್ಳಲು ವಿಎಲ್‌ಸಿ ಒಳ್ಳೆಯದು, ಅಷ್ಟೇ.

ದನಿ ತಿದ್ದುವ ಸಾಫ್ಟ್‌ವೇರ್ ಆಡಾಸಿಟಿಯ ‘ಬೇಸ್ ಅಂಡ್ ಟ್ರೆಬಲ್’ ಎಲ್ಲರೂ ಮೊದಲು ಮುಟ್ಟುವ ಎಫೆಕ್ಟ್. ಗುಂಡಿ ಎಳೆದರೆ ಕೆಲಸ ಮುಗಿಯಿತು. ತೊಂದರೆ ಏನೆಂದರೆ ಇದರ ಏರಿಕೆ ತೀರಾ ಅಗಲ. ಬೇಸ್ 6 ಡೆಸಿಬೆಲ್ ಏರಿಸಿದರೆ 250 ಹರ್ಟ್ಸ್‌ನಲ್ಲೂ 3 ಡೆಸಿಬೆಲ್ ಏರುತ್ತದೆ, ಅದರಾಚೆಗೂ ಒಂದಿಷ್ಟು ಚಾಚುತ್ತದೆ. ಗಂಡಸರ ದನಿಯ ಬುಡ ಇರುವುದು ಸುಮಾರು 85ರಿಂದ 180 ಹರ್ಟ್ಸ್ ಒಳಗೆ. ಆದ್ದರಿಂದ ಭಜನೆ ಪದದಲ್ಲಿ ದಗ್ಗಾದ ಜೊತೆ ಹಾಡುವವರ ದನಿಯೂ ಊದಿಕೊಂಡು, ಮಾತು ಮಬ್ಬಾಗುತ್ತದೆ. ದನಿಯೇ ಇಲ್ಲದ ಡೊಳ್ಳಿನ ಫೈಲಿಗೆ ಇದು ನಡೆಯುತ್ತದೆ. ಹಾಡಿಗೆ 3 ಡೆಸಿಬೆಲ್ ಮೀರಬಾರದು.

ಅದೇ ಆಡಾಸಿಟಿಯ ‘ಫಿಲ್ಟರ್ ಕರ್ವ್ ಇಕ್ಯೂ’ ಬೇರೆಯದೇ ಮಟ್ಟದ್ದು. ಗೆರೆಯ ಮೇಲೆ ಚುಕ್ಕಿ ಇಟ್ಟು ಬೇಕಾದ ಜಾಗವನ್ನಷ್ಟೇ ಎತ್ತಬಹುದು. ಭಜನೆ ಪದಕ್ಕೆ ನಮಗೆ ಒಪ್ಪಿದ ಗೆರೆ ಇದು: 30 ಹರ್ಟ್ಸ್‌ನಲ್ಲಿ ಮೈನಸ್ 12 ಡೆಸಿಬೆಲ್, 60ರಿಂದ 90ರವರೆಗೆ ಪ್ಲಸ್ 5, 160ಕ್ಕೆ ಸೊನ್ನೆ, 250ರಿಂದ 300ರವರೆಗೆ ಮೈನಸ್ 2, ಮುಂದೆ ಪೂರ್ತಿ ಸೊನ್ನೆ. ಆ ಮೈನಸ್ 2 ಬಲು ಮುಖ್ಯ. ಮಬ್ಬು ಇರುವ ಜಾಗ ತುಸು ಇಳಿದರೆ ಕೆಳಗಿನ ಬೇಸ್ ತಾನಾಗಿ ಬಿಡಿಬಿಡಿಯಾಗಿ ಕೇಳುತ್ತದೆ, ಹೆಚ್ಚು ಏರಿಸುವ ಅಗತ್ಯವೇ ಬೀಳುವುದಿಲ್ಲ. ಗೆರೆಯನ್ನು ಗೋಡೆಯಂತೆ ನೆಟ್ಟಗೆ ಎಳೆಯಬೇಡಿ, ಡೊಳ್ಳಿನ ಏಟಿನ ಮೊನೆ ಮೊಂಡಾಗುತ್ತದೆ.

ಆಡಿಯೊ, ವಿಡಿಯೊ ಫೈಲು ಬದಲಿಸುವ ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್‌ನಲ್ಲಿ ನೋಡಲು ಗೆರೆಯಿಲ್ಲ, ಗುಂಡಿಯಿಲ್ಲ, ಆಜ್ಞೆ ಟೈಪ್ ಮಾಡಬೇಕು. ಆದರೂ ಫೈಲು ನೂರಾರು ಇದ್ದರೆ ನಮ್ಮ ಆಯ್ಕೆ ಅದೇ. ಅದರ ‘ಬೇಸ್’ ಫಿಲ್ಟರಿನ ಮೂಲ ಹೊಂದಿಕೆಯೇ 100 ಹರ್ಟ್ಸ್. ಗೇನ್ (ಏರಿಕೆ) 5 ಡೆಸಿಬೆಲ್ ಕೊಟ್ಟರೆ 100ರಲ್ಲಿ ಅದರ ಅರ್ಧ ಏರುತ್ತದೆ, ದನಿಯ ಮೇಲಿನ ಭಾಗ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಆಡಾಸಿಟಿಯ ಸುಲಭ ಗುಂಡಿಗಿಂತ ಇದರ ಫಲ ಸ್ವಚ್ಛ. ‘ಫಿಲ್ಟರ್ ಕರ್ವ್’ನ ನಾಜೂಕು ಮಾತ್ರ ಇದಕ್ಕಿಲ್ಲ.

ಇನ್ನು ನಿಜವಾಗಿ ಹಾಡು ಕೆಡುವ ಜಾಗಕ್ಕೆ ಬರೋಣ. ಈಗಿನ ಹಾಡುಗಳ ಪೀಕ್ (ಅಲೆಯ ಅತಿ ಎತ್ತರದ ತುದಿ) ಮೊದಲೇ 0 ಡೆಸಿಬೆಲ್‌ಗೆ, ಅಂದರೆ ಫೈಲಿನ ಗರಿಷ್ಠ ಮಿತಿಗೆ, ತಾಗಿಕೊಂಡಿರುತ್ತದೆ. ಅದರ ಮೇಲೆ 6 ಡೆಸಿಬೆಲ್ ಎಂದರೆ ಆ ಭಾಗದ ಅಲೆ ಎರಡರಷ್ಟು ಎತ್ತರ, ಆಂಪ್ಲಿಫೈಯರಿಗೆ ನಾಲ್ಕರಷ್ಟು ಪವರಿನ ಹೊರೆ. ಜಾಗವಿಲ್ಲದೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಆ ಫೈಲನ್ನು ಮತ್ತೆ ತೆರೆದು ಒಂದು ಡೊಳ್ಳಿನ ಏಟಿನ ಮೇಲೆ ಜೂಮ್ ಮಾಡಿ ನೋಡಿ: ದುಂಡಗಿರಬೇಕಾದ ತುದಿ ಕುಡುಗೋಲಿನಿಂದ ಕೊಯ್ದಂತೆ ಚಪ್ಪಟೆ. ಬಾಕ್ಸಿನಲ್ಲಿ ಅದೇ ‘ಬರ್‍ರ್’ ಎಂದು ಒಡೆದು ಕೇಳುತ್ತದೆ. ಜನ ಬಾಕ್ಸ್ ಹರಿಯಿತು ಅಂದುಕೊಳ್ಳುತ್ತಾರೆ.

ಇಲ್ಲಿ ಆಡಾಸಿಟಿ ಗೆಲ್ಲುತ್ತದೆ. ಅದು ಒಳಗೆ 32 ಬಿಟ್ ಫ್ಲೋಟ್‌ನಲ್ಲಿ ಲೆಕ್ಕ ಮಾಡುವುದರಿಂದ 0 ದಾಟಿದ ಅಲೆಯೂ ಕಳೆದುಹೋಗಿರುವುದಿಲ್ಲ. ಎಕ್ಸ್‌ಪೋರ್ಟ್ ಮಾಡುವ ಮುನ್ನ ‘ಆಂಪ್ಲಿಫೈ’ ತೆರೆದು ಹೊಸ ಪೀಕ್ ಮೈನಸ್ 1 ಎಂದು ಕೊಟ್ಟರೆ ಸಾಕು. ಎಫ್‌ಎಫ್‌ಎಂಪೆಗ್‌ನಲ್ಲಿ ಈ ಎಚ್ಚರ ನಿಮ್ಮದೇ. ಅದರಲ್ಲೂ 16 ಬಿಟ್ ವೇವ್ ಫೈಲು ಕೊಟ್ಟಿದ್ದರೆ ಬೇಸ್ ಏರುವಾಗಲೇ ಕತ್ತರಿ ಬಿದ್ದಿರುತ್ತದೆ. ಬೇಸ್ ಫಿಲ್ಟರಿನ ಮುಂಚೆ ‘ವಾಲ್ಯೂಮ್’ ಫಿಲ್ಟರ್ ಇಟ್ಟು, ಬೇಸ್ ಎಷ್ಟು ಏರಿಸುತ್ತೀರೋ ಅದಕ್ಕಿಂತ 1 ಡೆಸಿಬೆಲ್ ಹೆಚ್ಚು ಇಳಿಸಿ. ಕೊನೆಗೆ ‘ವಾಲ್ಯೂಮ್‌ಡಿಟೆಕ್ಟ್’ ಓಡಿಸಿದರೆ ಪೀಕ್ ಎಲ್ಲಿ ನಿಂತಿದೆ ಎಂದು ತಿಳಿಯುತ್ತದೆ. ಫೈಲು ಸಣ್ಣದಾಗಿ ಕೇಳಿತೆಂದು ಹೆದರಬೇಡಿ, ಆಂಪ್ಲಿಫೈಯರಿನ ವಾಲ್ಯೂಮ್ ಇರುವುದೇ ಅದಕ್ಕೆ.

ಡಿಜೆ ರಿಮಿಕ್ಸ್‌ಗೆ ಯಾವುದನ್ನೂ ಹಚ್ಚಬೇಡಿ. ಅದರಲ್ಲಿ ಬೇಸ್ ಆಗಲೇ ತುಂಬಿದೆ.

ಕ್ಯಾಸೆಟ್ಟಿನ ಗೀಗೀ ಪದದ ಕಥೆ ಬೇರೆ. ನಮ್ಮ ಕರೆಂಟು 50 ಹರ್ಟ್ಸ್, ಅದರ ‘ಹುಂ’ ಕ್ಯಾಸೆಟ್ ಇಳಿಸುವಾಗಲೇ ರೆಕಾರ್ಡಿಂಗಿನಲ್ಲಿ ಸೇರಿರುತ್ತದೆ. ಬೇಸ್ ಏರಿಸಿದರೆ ದಪ್ಪಿಗಿಂತ ಮೊದಲು ಅದೇ ಎದ್ದು ಬರುತ್ತದೆ. ಆಡಾಸಿಟಿಯ ‘ನಾಚ್ ಫಿಲ್ಟರ್’ನಿಂದ 50, ಬೇಕಾದರೆ 100 ಹರ್ಟ್ಸ್ ಕಿತ್ತು, ಆಮೇಲೆ ಬೇಸ್ ಮುಟ್ಟಬೇಕು. ಕ್ರಮ ತಿರುಗಿಸಬೇಡಿ.

ಹೋಲಿಸುವಾಗ ಎರಡು ಎಚ್ಚರ. ಹಳೆ ಫೈಲು, ಹೊಸ ಫೈಲು ಎರಡನ್ನೂ ಒಂದೇ ಜೋರಿನಲ್ಲಿ ಕೇಳಿ, ಇಲ್ಲದಿದ್ದರೆ ಜೋರಾಗಿದ್ದದ್ದೇ ಚೆನ್ನ ಅನ್ನಿಸುತ್ತದೆ. ರಾತ್ರಿ ಮನೆಯಲ್ಲಿ ಸಣ್ಣ ದನಿಯಲ್ಲಿ ಕೇಳಿ ಬೇಸ್ ಅಳತೆ ಮಾಡಬೇಡಿ. ಸಣ್ಣ ದನಿಯಲ್ಲಿ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ, ಅದೇ ಫೈಲು ಟ್ರ್ಯಾಕ್ಟರಿನಲ್ಲಿ ಅತಿಯಾಗುತ್ತದೆ.

ಎಂಪಿ3ಯನ್ನು ಮತ್ತೆ ಮತ್ತೆ ಸೇವ್ ಮಾಡಿದಷ್ಟೂ ದನಿ ಸವೆಯುತ್ತದೆ. ಪ್ರತಿ ಸಲ ಮೂಲ ಫೈಲಿನಿಂದಲೇ ಶುರು ಮಾಡಿ, 320 ಕೆಬಿಪಿಎಸ್‌ನಲ್ಲಿ ಒಂದೇ ಸಲ ತೆಗೆಯಿರಿ. 128ರ ಫೈಲಿನಲ್ಲಿ ಇಲ್ಲದ್ದು 320ರಿಂದ ಬರುವುದಿಲ್ಲ.

ಇಷ್ಟಾದರೂ ಎರಡು ಬಾಕ್ಸಿನ ನಡುವೆ ನಿಂತಾಗ ಬೇಸ್ ಮಾಯವಾದರೆ ಫೈಲನ್ನು ಬಿಟ್ಟು ವೈರ್ ನೋಡಿ. ಒಂದು ಬಾಕ್ಸಿನ ಪ್ಲಸ್ ಮೈನಸ್ ಅದಲುಬದಲಾದರೆ ಒಂದರ ಕೋನ್ ಹೊರಬರುವಾಗ ಇನ್ನೊಂದರದು ಒಳಹೋಗಿ ಬೇಸ್ ವಜಾ ಆಗುತ್ತದೆ. ಆಂಪ್ಲಿಫೈಯರ್ ತುದಿಯಲ್ಲಿ ವೈರ್ ಬಿಡಿಸಿ, 1.5 ವೋಲ್ಟಿನ ಸೆಲ್ಲನ್ನು ಪ್ಲಸ್‌ಗೆ ಪ್ಲಸ್ ಇಟ್ಟು ಒಂದು ಗಳಿಗೆ ತಾಗಿಸಿ. ಎರಡೂ ಬಾಕ್ಸಿನ ಕೋನ್ ಒಂದೇ ಕಡೆ ಹಾರಬೇಕು.