1,499 ರೂಪಾಯಿ ವೆಬ್‌ಸೈಟೋ, 2 ರೂಪಾಯಿ ಜೆರಾಕ್ಸೋ?

ಮೊದಲೇ ಹೇಳಿಬಿಡುತ್ತೇನೆ, ಮಕ್ಕಳಿಗೆ ಬಿಟ್ಟ ಸ್ಥಳ ತುಂಬುವ ಹಾಳೆ ಮಾಡಿಕೊಡುವುದರಲ್ಲಿ ಗೆದ್ದಿದ್ದು ಜೆರಾಕ್ಸ್. ಅದು ಗೊತ್ತಾಗುವ ಹೊತ್ತಿಗೆ ನನ್ನ 1,499 ರೂಪಾಯಿ ಹೋಗಿತ್ತು.

ಚಿಂತಾಮಣಿಯಲ್ಲಿ ಮನೆಯಲ್ಲೇ ಟ್ಯೂಷನ್ ಮಾಡುತ್ತೇನೆ. ಒಂಬತ್ತು, ಹತ್ತನೇ ಕ್ಲಾಸಿನ 18 ಮಕ್ಕಳು. ಎಲ್ಲರೂ ಕನ್ನಡ ಮೀಡಿಯಂ. ಅದರಲ್ಲಿ ಅರ್ಧಕ್ಕರ್ಧ ಮಕ್ಕಳು ಮನೆಯಲ್ಲಿ ಆಡುವುದು ತೆಲುಗು. ಪ್ರತಿ ಶನಿವಾರ ಇಂಗ್ಲಿಷ್ ರಿವಿಷನ್‌ಗೆ ಬಿಟ್ಟ ಸ್ಥಳ ತುಂಬುವ ಒಂದು ಹಾಳೆ ಕೊಡುವುದು ರೂಢಿ. ಹನ್ನೆರಡೋ ಹದಿನೈದೋ ಖಾಲಿ ಜಾಗ, ಅರ್ಧ ಗಂಟೆ ಟೈಮ್. ಮೊದಲೆಲ್ಲ ಕೈಯಲ್ಲೇ ಬರೆದು ಜೆರಾಕ್ಸ್ ಮಾಡಿಸುತ್ತಿದ್ದೆ. ನನ್ನ ಕೈಬರಹದ ‘ಎ’ ಯಾವುದು, ‘ಓ’ ಯಾವುದು ಅಂತ ಕೇಳುವುದರಲ್ಲೇ ಹತ್ತು ನಿಮಿಷ ಹೋಗುತ್ತಿತ್ತು. ಹಾಗಾಗಿ ಜೂನ್‌ನಲ್ಲಿ ಒಂದು ವರ್ಕ್‌ಶೀಟ್ ವೆಬ್‌ಸೈಟಿಗೆ ವರ್ಷದ ಚಂದಾ ಕಟ್ಟಿದೆ. ಹೆಸರು ಬೇಡ ಬಿಡಿ.

ಪ್ಯಾರಾ ಅಂಟಿಸಿ ಬಟನ್ ಒತ್ತಿದರೆ ಸಾಕು, ಅದೇ ಖಾಲಿ ಜಾಗ ಬಿಡುತ್ತದೆ, ಅದೇ ಉತ್ತರ ತಿದ್ದುತ್ತದೆ. ಮೊದಲ ದಿನ ಖುಷಿಯಾಯಿತು. ನಮ್ಮ ಜಿಲ್ಲೆಯವರೇ ಅಲ್ವಾ ಅಂತ ವಿಶ್ವೇಶ್ವರಯ್ಯನವರ ಬಗ್ಗೆ ಒಂದು ಪ್ಯಾರಾ ಹಾಕಿದೆ. ಅದು ಏಳೇಳು ಪದಕ್ಕೊಂದು ಪದ ಕಿತ್ತು ಹಾಕಿತು. ಕಿತ್ತಿದ್ದು ಏನು ಅಂದರೆ, ಒಂದು ಕಡೆ ‘ಮುದ್ದೇನಹಳ್ಳಿ’, ಇನ್ನೊಂದು ಕಡೆ ಭಾರತರತ್ನ ಬಂದ ವರ್ಷ ‘1955’. ಇಂಗ್ಲಿಷ್ ರಿವಿಷನ್ ಹೋಗಿ ಸಾಮಾನ್ಯ ಜ್ಞಾನದ ಪರೀಕ್ಷೆ ಆಯಿತು.

ಲೆಕ್ಕ ಹಿಡಿದು ಪದ ಕೀಳುವ ಈ ಪದ್ಧತಿಗೆ ಕ್ಲೋಜ್ ಅಂತ ಹೆಸರು. 1953ರಲ್ಲಿ ಅಮೆರಿಕದ ವಿಲ್ಸನ್ ಟೇಲರ್ ಇದನ್ನು ಮುಂದಿಟ್ಟಾಗ ಅಳೆಯಲು ಹೊರಟಿದ್ದು ಮಕ್ಕಳನ್ನಲ್ಲ, ಬರಹವನ್ನು. ಒಂದು ಬರಹ ಓದುವವರಿಗೆ ಎಷ್ಟು ಸುಲಭ ಅಂತ ನೋಡುವುದಕ್ಕೆ. ಆ ಕೆಲಸಕ್ಕೆ ಯಾವ ಪದ ಹೋದರೂ ನಡೆಯುತ್ತದೆ. ನನಗೆ ಹಾಗಲ್ಲ. ನಮ್ಮ ಮಕ್ಕಳು ಎಲ್ಲಿ ಎಡವುತ್ತಾರೋ ಅಲ್ಲೇ ಖಾಲಿ ಜಾಗ ಬೀಳಬೇಕು.

ಎಲ್ಲಿ ಎಡವುತ್ತಾರೆ ಅಂತ ನನಗೆ ಗೊತ್ತು. ನಾವು ಬೆಂಗಳೂರಿಗೆ ಹೋಗುತ್ತೇವೆ, ಆರು ಗಂಟೆಗೆ ಏಳುತ್ತೇವೆ. ಎರಡಕ್ಕೂ ಒಂದೇ ‘ಗೆ’. ತೆಲುಗಿನಲ್ಲೂ ಹಾಗೇ. ಆದ್ದರಿಂದ ‘ಐ ಗೆಟ್ ಅಪ್ ಟು ಸಿಕ್ಸ್’ ಅಂತ ಬರೆಯುತ್ತಾರೆ, ‘ಆಟ್’ ನೆನಪಿಗೇ ಬರುವುದಿಲ್ಲ. ‘ಸೋಮವಾರ ಬರ್ತೀನಿ’ ಅನ್ನುವಾಗ ಸೋಮವಾರಕ್ಕೆ ಏನೂ ಅಂಟಿಸುವುದಿಲ್ಲ, ಹಾಗಾಗಿ ಅಲ್ಲಿ ‘ಆನ್’ ಬಿಟ್ಟುಹೋಗುತ್ತದೆ. ‘ಎ’, ‘ದ’ ಅನ್ನುವ ಆರ್ಟಿಕಲ್‌ಗಳಂತೂ ಕನ್ನಡದಲ್ಲಿ ಇಲ್ಲವೇ ಇಲ್ಲ. ಏಳೇಳು ಎಣಿಸುವ ಮೆಷಿನ್‌ಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು?

ಸರಿ, ಖಾಲಿ ಜಾಗವನ್ನು ನಾವೇ ಆರಿಸಿಕೊಳ್ಳುವ ವ್ಯವಸ್ಥೆಯೂ ಅದರಲ್ಲಿತ್ತು. ಅದನ್ನೇ ಬಳಸಿದೆ. ಅಸಲಿ ರಗಳೆ ಶುರುವಾಗಿದ್ದು ಆಮೇಲೆ.

ಟೊಮ್ಯಾಟೊ ಸೀಸನ್ ಅಂತ ಈ ವಾಕ್ಯ ಹಾಕಿದ್ದೆ: ‘ಮೈ ಫಾದರ್ ______ ಟೊಮ್ಯಾಟೋಸ್ ಟು ದ ಮಾರ್ಕೆಟ್.’ ನನ್ನ ತಲೆಯಲ್ಲಿದ್ದ ಉತ್ತರ ‘ಟೇಕ್ಸ್’. ಹತ್ತನೇ ಕ್ಲಾಸಿನ ಒಬ್ಬಳು ‘ಸೆಂಡ್ಸ್’ ಅಂತ ಹಾಕಿದಳು. ಕೆಂಪು ಇಂಟು ಬಂತು. ಫೋನ್ ತಂದು ತೋರಿಸಿದಳು. “ಮಿಸ್, ನಮ್ಮಪ್ಪ ಮಾರ್ಕೆಟ್‌ಗೆ ಹೋಗೋದೇ ಇಲ್ಲ. ಬಾಕ್ಸ್ ತುಂಬಿ ಟೆಂಪೋಗೆ ಹಾಕಿ ಕಳಿಸ್ತಾರೆ ಅಷ್ಟೆ.” ಅವಳು ಹೇಳಿದ್ದರಲ್ಲಿ ಏನು ತಪ್ಪು? ವ್ಯಾಕರಣ ಸರಿ, ಅರ್ಥ ಸರಿ, ಮನೆಯ ವಿಷಯವೂ ಸರಿ.

ಅಷ್ಟರಲ್ಲಿ ಇನ್ನೊಬ್ಬ ‘ಬ್ರಿಂಗ್ಸ್’ ಹಾಕಿ ಅವನಿಗೂ ಇಂಟು. ಇದು ತಪ್ಪೇ, ತರುವುದಕ್ಕೂ ತೆಗೆದುಕೊಂಡು ಹೋಗುವುದಕ್ಕೂ ವ್ಯತ್ಯಾಸ ಇದೆ ಅಂತ ಹೇಳಲು ಬಾಯಿ ತೆರೆದೆ. ಆಮೇಲೆ ನೆನಪಾಯಿತು, ಅವನು ರಜೆ ದಿನ ಚಿಕ್ಕಪ್ಪನ ಮಂಡಿಯಲ್ಲಿ ಕೂತು ಚೀಟಿ ಬರೆಯುವ ಹುಡುಗ. ಮಂಡಿಯಲ್ಲಿ ಕೂತವನಿಗೆ ಅಪ್ಪ ಟೊಮ್ಯಾಟೊ ತರುತ್ತಾರೆಯೇ ಹೊರತು ತೆಗೆದುಕೊಂಡು ಹೋಗುವುದಿಲ್ಲ. ಅವನದೂ ಸರಿ! ಸುಮ್ನೆ ಬಾಯಿ ಮುಚ್ಚಿಕೊಂಡೆ.

ವೆಬ್‌ಸೈಟಿನಲ್ಲಿ ಒಂದು ಖಾಲಿ ಜಾಗಕ್ಕೆ ಒಂದೇ ಉತ್ತರ. ಎರಡನೆಯದನ್ನು ಸೇರಿಸಲು ಜಾಗವೇ ಇರಲಿಲ್ಲ. ಅವರಿಗೆ ಮೂರು ಸಲ ಬರೆದೆ. ನಿಮ್ಮ ಸಲಹೆಗೆ ಧನ್ಯವಾದ ಅಂತ ಮೂರು ಸಲವೂ ಉತ್ತರ ಬಂತು. ಅಷ್ಟರಲ್ಲಿ ಮಕ್ಕಳು ಒಂದು ಹೊಸ ಆಟ ಕಲಿತಿದ್ದರು. ಯಾವುದು ಸರಿ ಅಂತ ಯೋಚಿಸುವುದು ಬಿಟ್ಟು, ಮಿಸ್ ಯಾವುದನ್ನು ಅಂದುಕೊಂಡಿರಬಹುದು ಅಂತ ಊಹಿಸುವುದು. ಹಸಿರು ಬರುವವರೆಗೆ ಒಂದೊಂದೇ ಹಾಕಿ ನೋಡುತ್ತಿದ್ದರು. ಚಂದಾ ದುಡ್ಡು ದಂಡ ಅಂತ ನನಗೆ ಅನಿಸಿದ್ದು ಅವತ್ತೇ.

ತಪ್ಪೆಲ್ಲ ಮೆಷಿನ್‌ದೇ ಅಂತ ಹೇಳಲ್ಲ. ವಾಕ್ಯವನ್ನು ಸಡಿಲವಾಗಿ ಬರೆದಿದ್ದು ನಾನು. ಈಗ ಅದನ್ನು ಬಿಗಿ ಮಾಡುವುದು ಕಲಿತಿದ್ದೇನೆ. ಮುಂದೆ ಇನ್ನೊಂದು ವಾಕ್ಯ ಸೇರಿಸುತ್ತೇನೆ: ‘ಹಿ ಗೋಸ್ ವಿತ್ ದೆಮ್ ಇನ್ ದ ಟೆಂಪೋ.’ ಆಗ ‘ಸೆಂಡ್ಸ್’ ಅಷ್ಟು ಹೊಂದುವುದಿಲ್ಲ. ಇಲ್ಲವೇ ಮೊದಲ ಅಕ್ಷರ ಕೊಡುತ್ತೇನೆ. ಕ್ರಿಯಾಪದದ ಕಾಲ ನೋಡಬೇಕಿದ್ದರೆ ಮೂಲ ರೂಪವನ್ನು ಬ್ರಾಕೆಟ್‌ನಲ್ಲಿ ಹಾಕುತ್ತೇನೆ. ಮೇಲೆ ಪದಗಳ ಡಬ್ಬ ಕೊಟ್ಟರೆ ಎರಡು ಮೂರು ಪದ ಜಾಸ್ತಿ ಇಡುತ್ತೇನೆ. ಇಲ್ಲದಿದ್ದರೆ ಕೊನೆಯ ಒಂದೆರಡು ಉತ್ತರ ಯೋಚನೆ ಇಲ್ಲದೆ ತಾನಾಗಿ ಬಂದುಬಿಡುತ್ತದೆ.

ನಡುವೆ ಬೇರೆಯವನ್ನೂ ನೋಡಿದೆ. ಪುಕ್ಕಟೆ ಆನ್‌ಲೈನ್ ಫಾರ್ಮ್‌ನಲ್ಲಿ ಒಂದೇ ಪ್ರಶ್ನೆಗೆ ನಾಲ್ಕು ಸರಿ ಉತ್ತರ ಬೇಕಾದರೂ ಸೇರಿಸಬಹುದು, ಅದು ಒಳ್ಳೆಯದು. ಆದರೆ ಮಕ್ಕಳ ಮನೆಯಲ್ಲಿ ಫೋನ್ ಅಪ್ಪನದು. ಅಪ್ಪ ಮನೆಗೆ ಬರುವುದು ರಾತ್ರಿ ಒಂಬತ್ತಕ್ಕೆ.

ಅಂಗಡಿಯ ಗೈಡ್: ಉತ್ತರ ಹಿಂದಿನ ಪುಟದಲ್ಲೇ ಇದೆ. ಇನ್ನೇನು ಹೇಳಲಿ.

ಎಐ ಚಾಟ್‌ನಲ್ಲಿ ಕೇಳಿದರೆ ನಿಮಿಷದಲ್ಲಿ ಇಪ್ಪತ್ತು ವಾಕ್ಯ ಕೊಡುತ್ತದೆ. ವಾಕ್ಯಗಳು ಚೆನ್ನಾಗಿಯೇ ಇರುತ್ತವೆ. ಆದರೆ ನನಗೆ ಬಂದ ಇಪ್ಪತ್ತರಲ್ಲಿ ಆರೇಳು ಮತ್ತೆ ಅದೇ ಟೊಮ್ಯಾಟೊ ಕಥೆ, ಒಂದಕ್ಕಿಂತ ಜಾಸ್ತಿ ಸರಿ ಉತ್ತರ ಕೂರುತ್ತಿತ್ತು. ಒಂದೊಂದನ್ನೂ ಓದಿ ಸೋಸಬೇಕು. ವಾಕ್ಯಕ್ಕೆ ಬರ ಬಂದಾಗ ಮಾತ್ರ ಈಗ ಅದರ ಹತ್ತಿರ ಹೋಗುತ್ತೇನೆ.

ಸಿ-ಟೆಸ್ಟ್ ಅಂತ ಇನ್ನೊಂದಿದೆ, 1980ರ ದಶಕದಲ್ಲಿ ಜರ್ಮನಿಯಲ್ಲಿ ಶುರುವಾಗಿದ್ದು. ಒಂದು ಪದ ಬಿಟ್ಟು ಇನ್ನೊಂದು ಪದದ ದ್ವಿತೀಯಾರ್ಧ ಅಳಿಸುವುದು. ಒಂದು ಶನಿವಾರ ಕೊಟ್ಟು ನೋಡಿದೆ. ಹಾಳೆ ಒದ್ದೆಯಾಗಿದೆಯಾ ಮಿಸ್ ಅಂತ ಕೇಳಿದರು.

ಕೊನೆಗೆ ಉಳಿದಿದ್ದು ನನ್ನ ಹಳೇ ಲ್ಯಾಪ್‌ಟಾಪ್, ಅದರಲ್ಲಿದ್ದ ವರ್ಡ್. ಟೈಪ್ ಮಾಡಿ ಅಡ್ಡಗೆರೆ ಎಳೆಯುವುದಷ್ಟೇ ಆಗಿದ್ದರೆ ಬರೆಯುವ ಅಗತ್ಯ ಇರಲಿಲ್ಲ. ನನಗೆ ಇಷ್ಟವಾದ ಉಪಾಯ ಬೇರೆ. ಪೂರ್ತಿ ಪ್ಯಾರಾ ಉತ್ತರ ಸಮೇತ ಟೈಪ್ ಮಾಡುವುದು. ‘ಖಾಲಿ’ ಅಂತ ಒಂದು ಕ್ಯಾರೆಕ್ಟರ್ ಸ್ಟೈಲ್, ಅಂದರೆ ಅಕ್ಷರದ ಬಣ್ಣ, ಗೆರೆ ಎಲ್ಲ ಒಟ್ಟಿಗೆ ಉಳಿಸಿಟ್ಟುಕೊಳ್ಳುವ ಸೆಟ್ಟಿಂಗ್, ಮಾಡಿಕೊಳ್ಳುವುದು. ಅದರಲ್ಲಿ ಅಕ್ಷರದ ಬಣ್ಣ ಬಿಳಿ, ಅಂಡರ್‌ಲೈನ್ ಬಣ್ಣ ಕಪ್ಪು. ಎರಡಕ್ಕೂ ಬೇರೆ ಬೇರೆ ಬಣ್ಣ ಕೊಡಬಹುದು. ಬೇಕಾದ ಪದ ಆರಿಸಿ ಈ ಸ್ಟೈಲ್ ಹಚ್ಚಿದರೆ ಪದ ಮಾಯ, ಗೆರೆ ಮಾತ್ರ ಉಳಿಯುತ್ತದೆ. ತಿದ್ದುವಾಗ ಸ್ಟೈಲಿನ ಬಣ್ಣವನ್ನು ಕೆಂಪು ಮಾಡಿದರೆ ಅದೇ ಹಾಳೆ ಉತ್ತರ ಪತ್ರಿಕೆ. ಎರಡು ವಾರ ಬಿಟ್ಟು ಅದೇ ಪ್ಯಾರಾದಲ್ಲಿ ಬೇರೆ ಪದಗಳಿಗೆ ಹಚ್ಚಿದರೆ ಹೊಸ ಎಕ್ಸರ್‌ಸೈಜ್. ರಿವಿಷನ್‌ಗೆ ಇದಕ್ಕಿಂತ ಸಲೀಸು ನನಗೆ ಸಿಕ್ಕಿಲ್ಲ.

ಗೆರೆಯ ಉದ್ದ ನೋಡಿ ಉತ್ತರ ಹಿಡಿಯುವ ಜಾಣರಿದ್ದಾರೆ. ಪದದ ಅಕ್ಕಪಕ್ಕ ನಾಲ್ಕು ಸ್ಪೇಸ್ ಸೇರಿಸಿ ಅದಕ್ಕೂ ಸ್ಟೈಲ್ ಹಚ್ಚುತ್ತೇನೆ. ‘ಎ’, ‘ಆನ್’, ‘ದ’ ತರದ ಚಿಕ್ಕ ಪದ ಬಂದಾಗ ಇದನ್ನು ಮರೆಯಲೇಬಾರದು.

ಖರ್ಚು? ಪುಟಕ್ಕೆ 2 ರೂಪಾಯಿ, 18 ಮಕ್ಕಳಿಗೆ ವಾರಕ್ಕೆ 36. ವರ್ಷಕ್ಕೆ ನಲವತ್ತು ವಾರ ಅಂದರೆ 1,440. ಅಂದರೆ ನಾನು ಉಳಿಸಿದ್ದು 59 ರೂಪಾಯಿ! ನಮ್ಮ ಮನೆಯವರು ಇದನ್ನು ಹೇಳಿಕೊಂಡು ಇನ್ನೂ ನಗುತ್ತಾರೆ. ಆದರೆ 36 ರೂಪಾಯಿ ವಾರವಾರ ಹೋಗುವುದು ಗೊತ್ತೇ ಆಗುವುದಿಲ್ಲ, ಹಾಳೆಯನ್ನು ಮಕ್ಕಳು ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರೆ, ‘ಸೆಂಡ್ಸ್’ ಬಂದರೆ ಪೆನ್ನಿನಲ್ಲಿ ರೈಟ್ ಹಾಕುವುದು ನನ್ನ ಕೈಯಲ್ಲೇ ಇದೆ. ಕೂತು ತಿದ್ದಲು ಒಂದು ಗಂಟೆ ಬೇಕು. ಅರವತ್ತು ಮಕ್ಕಳಿರುವ ಕ್ಲಾಸಿನವರಿಗೆ ಇದು ಆಗುವ ಮಾತಲ್ಲ, ಅವರು ಫಾರ್ಮ್ ಕಡೆ ನೋಡುವುದು ವಾಸಿ.

ಒಂದು ಪೆಟ್ಟು ಇದರಲ್ಲೂ ತಿಂದಿದ್ದೇನೆ. ಮಳೆ ಅಂತ ಒಂದು ಶನಿವಾರ ಟ್ಯೂಷನ್ ಇರಲಿಲ್ಲ. ಪ್ರಿಂಟ್ ಬದಲು ಪಿಡಿಎಫ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹದಿನೆಂಟಕ್ಕೆ ಹದಿನೆಂಟು ಮಕ್ಕಳೂ ಹದಿನೈದಕ್ಕೆ ಹದಿನೈದು! ‘ಆಟ್ ಸಿಕ್ಸ್’ ಬರೆಯಲು ಒದ್ದಾಡುವವರೂ ಸೇರಿ. ಎರಡು ದಿನ ಹೆಮ್ಮೆಪಟ್ಟೆ. ಆಮೇಲೆ ಒಬ್ಬ ತೋರಿಸಿದ. ಪಿಡಿಎಫ್‌ನ ಸಾಲಿನ ಮೇಲೆ ಬೆರಳೊತ್ತಿ ಕಾಪಿ ಮಾಡಿ ಮೆಸೇಜ್ ಬಾಕ್ಸಿನಲ್ಲಿ ಪೇಸ್ಟ್ ಮಾಡಿದರೆ, ಬಿಳಿ ಪದಗಳೆಲ್ಲ ಕಪ್ಪಾಗಿ ಎದ್ದು ಬರುತ್ತವೆ. ಪದ ಹೋಗಿರಲಿಲ್ಲ, ಬಣ್ಣ ಮಾತ್ರ ಹೋಗಿತ್ತು.

ಈಗಲೂ ಯಾರಾದರೂ ರಜೆ ಹಾಕಿ ಹಾಳೆ ಕೇಳಿದರೆ ಕಳಿಸುತ್ತೇನೆ. ಜೆರಾಕ್ಸ್ ಹಾಳೆಯನ್ನು ಟೇಬಲ್ ಮೇಲಿಟ್ಟು ಫೋಟೋ ತೆಗೆದು.