ಮನೆ ಮುಂದಕ್ಕೆ ಯಾವ ಮರ: ಗುಲಾಬಿ ಟಬೂಬಿಯಾನಾ, ಹೊಳೆದಾಸವಾಳನಾ?

ಫೆಬ್ರವರಿ ಬಂತೆಂದರೆ ಬೆಂಗಳೂರಿನ ಗುಲಾಬಿ ಬಣ್ಣದ ಹೂ ತುಂಬಿದ ಟಬೂಬಿಯಾ ಮರಗಳ ಫೋಟೊಗಳು ಎಲ್ಲರ ಮೊಬೈಲ್‌ನಲ್ಲೂ ಓಡಾಡುತ್ತವೆ. ಅದಾದ ಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, "ನಮ್ಮ ಮನೆ ಮುಂದೂ ಟಬೂಬಿಯಾ ಹಾಕೋಣ ಅಂತಿದ್ದೀವಿ, ಹೇಗಿರುತ್ತೆ?" ನಮ್ಮಲ್ಲಿ ಎರಡೂ ಇವೆ. ಕೆಂಗೇರಿ ಕಡೆಯ ಮೂಲೆ ಸೈಟು. ಬದಿ ರಸ್ತೆಯ ಅಂಚಿಗೆ ಟಬೂಬಿಯಾ, ಗೇಟಿನ ಪಕ್ಕ ನೇರಳೆ ಹೂವಿನ ಹೊಳೆದಾಸವಾಳ ಮರ. 2015ರ ಮುಂಗಾರಿನಲ್ಲಿ ಒಟ್ಟಿಗೆ ನೆಟ್ಟಿದ್ದು. ಒಂದೇ ಕೆಂಪು ಮಣ್ಣು, ಆರೈಕೆಯೂ ಒಂದೇ ಕೈಯದ್ದು. ಮೊದಲೇ ಹೇಳಿಬಿಡುತ್ತೇನೆ: ಮನೆ ಮುಂದಕ್ಕೆ ಹೊಳೆದಾಸವಾಳವೇ ಸರಿ. ಟಬೂಬಿಯಾ ಪಾರ್ಕಿಗೆ, ಕೆರೆ ಏರಿಗೆ, ಅಗಲವಾದ ರಸ್ತೆಗೆ ಚೆನ್ನ.

ಟಬೂಬಿಯಾ ಚೆಂದ ಇಲ್ಲ ಅಂತ ಅಲ್ಲ. ಎಲೆ ಪೂರ್ತಿ ಉದುರಿ ಬರೀ ಕೊಂಬೆ ನಿಂತಿರುವಾಗ, ಒಂದು ಬೆಳಗ್ಗೆ ನೋಡಿದರೆ ಮರದ ತುಂಬಾ ಗುಲಾಬಿ ಗೊಂಚಲು. ಒಂದು ಹೂವನ್ನು ಕೈಯಲ್ಲಿ ಹಿಡಿದು ಒಳಗೆ ನೋಡಿ. ಗಂಟಲಲ್ಲಿ ಹಳದಿ ಬಣ್ಣ ಇರುತ್ತದೆ, ಹೂವು ಹಳತಾದಂತೆ ಅದು ಬಿಳಿಯಾಗುತ್ತದೆ. ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದ ಉತ್ತರ ಭಾಗದವರೆಗಿನ ಮರ ಇದು. ಎಲ್ ಸಾಲ್ವಡಾರ್ ದೇಶಕ್ಕೆ ರಾಷ್ಟ್ರೀಯ ಮರ. ಒಂದಾದ ಮೇಲೆ ಒಂದು ಜಾತಿಯ ಮರ ಹೂ ಬಿಟ್ಟು ಊರು ವರ್ಷವಿಡೀ ಬಣ್ಣವಾಗಿರಬೇಕು ಅನ್ನುವ ಲೆಕ್ಕ ನಮ್ಮ ಬೆಂಗಳೂರಿನಲ್ಲಿ ಹಳೆಯದು. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರು ಆ ಕಣ್ಣಿನಿಂದಲೇ ಮರ ಆರಿಸಿದರು. ಆಮೇಲೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರ ಕಾಲದಲ್ಲಿ ಬಡಾವಣೆ ಬಡಾವಣೆಗೂ ಸಸಿ ಹೋಯಿತು. ಜಯನಗರದಲ್ಲೋ ಕಬ್ಬನ್ ಪಾರ್ಕಿನಲ್ಲೋ ಹೂ ಬಿಟ್ಟ ಟಬೂಬಿಯಾ ಕೆಳಗೆ ನಿಂತರೆ ಈ ಹಿರಿಯರಿಗೆಲ್ಲ ಕೈ ಮುಗಿಯಬೇಕು ಅನ್ನಿಸುತ್ತದೆ.

ಆದರೆ ಮನೆ ಮುಂದೆ ಅದು ಬೇರೆಯೇ ಮಾತು. ಹೂವಿನ ಸಂಭ್ರಮ ಒಂದೆರಡು ವಾರ, ಅಷ್ಟೇ. ನಡುವೆ ಒಂದು ಜೋರು ಮಳೆ ಬಂದರೆ ಅದೂ ಇಲ್ಲ. ಉದುರಿದ ಹೂ ಮೊದಲ ದಿನ ನೋಡಲು ಸೊಗಸು. ಮಾರನೇ ದಿನ ಗ್ರಾನೈಟ್ ಮೆಟ್ಟಿಲ ಮೇಲೆ ಕೊಳೆತು ಜಾರುತ್ತದೆ, ವಯಸ್ಸಾದವರಿರುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಆಮೇಲೆ ಉದ್ದುದ್ದ ಕಾಯಿ ಒಡೆದು ರೆಕ್ಕೆಯ ಬೀಜ ಹಾರಿ, ಚರಂಡಿ, ತುಳಸಿ ಕಟ್ಟೆ, ಹೂಕುಂಡ ಎಲ್ಲ ಕಡೆ ಮೊಳಕೆ ಬರುತ್ತದೆ. ಎಲ್ಲಕ್ಕಿಂತ ಹೆಚ್ಚು ಯೋಚನೆ ಏಪ್ರಿಲ್-ಮೇ ತಿಂಗಳ ಗಾಳಿ ಮಳೆಯದ್ದು. ನಮ್ಮ ಮರದ ಒಂದು ದಪ್ಪ ಕೊಂಬೆ ಹಾಗೆಯೇ ಮುರಿದು ರಸ್ತೆಗೆ ಬಿತ್ತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಕರೆಂಟ್ ತಂತಿ ಇರುವ ಕಡೆ ಈ ಮರ ಖಂಡಿತ ಬೇಡ. ಗೋಡೆ, ಸಂಪಿನಿಂದ ಕನಿಷ್ಠ 15 ಅಡಿ ದೂರ ಬೇಕು ಅಂತ ನಾನು ಹೇಳುತ್ತೇನೆ. 30x40 ಸೈಟಿನಲ್ಲಿ ಅಷ್ಟು ಜಾಗ ಎಲ್ಲಿಂದ ತರುವುದು?

ಹೊಳೆದಾಸವಾಳಕ್ಕೆ 10 ಅಡಿ ಸಾಕು. ಇದು ನಮ್ಮದೇ ಮರ, ಘಟ್ಟದ ಹೊಳೆದಂಡೆಗಳಲ್ಲಿ ತಾನಾಗಿ ಬೆಳೆಯುತ್ತದೆ. ಪಕ್ಕದ ಮಹಾರಾಷ್ಟ್ರಕ್ಕೆ ಇದೇ ರಾಜ್ಯದ ಹೂವು. ನಮ್ಮಲ್ಲಿ ಏಪ್ರಿಲ್ ಕೊನೆಗೆ ಶುರುವಾದರೆ ಜೂನ್‌ವರೆಗೂ ಹೂವಿರುತ್ತದೆ. ಕೊಂಬೆಯ ತುದಿಯಲ್ಲಿ ನೆಟ್ಟಗೆ ನಿಲ್ಲುವ ತೆನೆ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೊಗ್ಗು ಬಿರಿಯುತ್ತಾ ಹೋಗುತ್ತದೆ. ಹತ್ತಿರ ಹೋಗಿ ನೋಡಿ: ಮೊಗ್ಗಿನ ಮೈಮೇಲೆ ಉದ್ದುದ್ದ ಗೀರು. ಅರಳಿದಾಗ ಸಾಮಾನ್ಯವಾಗಿ ಆರು ಎಸಳು, ಪ್ರತಿ ಎಸಳಿಗೂ ಬುಡದಲ್ಲಿ ಸಣ್ಣ ತೊಟ್ಟು. ಎಸಳುಗಳು ಈಗಷ್ಟೇ ಗಂಟು ಬಿಚ್ಚಿದ ರೇಷ್ಮೆ ಸೀರೆಯ ಹಾಗೆ ಸುಕ್ಕು ಸುಕ್ಕು. ನಡುವೆ ಹಳದಿ ಕೇಸರಗಳ ಗೊಂಚಲು, ಬೆಳಗ್ಗೆ ಅಲ್ಲಿ ಜೇನುನೊಣಗಳ ಗದ್ದಲ. ಹೊಸ ಹೂವು ಗಾಢ ನೇರಳೆ, ಹಳತಾದಂತೆ ಬಣ್ಣ ತಿಳಿಯಾಗುತ್ತದೆ. ಹಾಗಾಗಿ ಒಂದೇ ತೆನೆಯಲ್ಲಿ ನಾಲ್ಕಾರು ಬಗೆಯ ನೇರಳೆ ಕಾಣುತ್ತದೆ. ಚಳಿಗಾಲದಲ್ಲಿ ಉದುರುವ ಮೊದಲು ಎಲೆ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ, ಅದೂ ಒಂದು ಅಲಂಕಾರವೇ.

ಆರೈಕೆಯಲ್ಲಿ ಎರಡೂ ತದ್ವಿರುದ್ಧ. ಇದನ್ನು ತಿಳಿಯದೆ ಎರಡಕ್ಕೂ ಒಂದೇ ಉಪಚಾರ ಮಾಡಿದರೆ ಒಂದಂತೂ ಹೂ ಬಿಡುವುದಿಲ್ಲ. ಟಬೂಬಿಯಾಕ್ಕೆ ನೀರು ನಿಲ್ಲುವ ಜಾಗ ಆಗದು. ಬೇರೂರಿದ ಮೇಲೆ ನವೆಂಬರ್‌ನಿಂದ ಪಾತಿಗೆ ನೀರು ಬಿಡುವುದನ್ನು ನಿಲ್ಲಿಸಬೇಕು. "ಇದನ್ನ ಸ್ವಲ್ಪ ಬಾಯಾರಿಸಬೇಕು ಅಮ್ಮಾ, ಆಗಲೇ ಹೂ ಬಿಡೋದು" ಅಂತ ನಮ್ಮ ತೋಟದ ಕೆಲಸಕ್ಕೆ ಬರುವ ಹಿರಿಯರು ಹೇಳಿದ್ದರು. ಅವರ ಮಾತು ನೂರಕ್ಕೆ ನೂರು ನಿಜ. ಹೊಳೆದಾಸವಾಳಕ್ಕೆ ನೀರು ಬೇಕು, ಅದರಲ್ಲೂ ಮಾರ್ಚ್-ಏಪ್ರಿಲ್‌ನಲ್ಲಿ. 2024ರ ಬೇಸಿಗೆ ನೆನಪಿದೆಯಲ್ವಾ? ಬೋರ್‌ವೆಲ್‌ಗಳು ಬತ್ತಿದ್ದವು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಆ ವರ್ಷ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಗೇಟಿನ ಪಕ್ಕಕ್ಕೇ ಹೋಯಿತು. ಬುಡಕ್ಕೆ ಒಣ ಎಲೆ ದಪ್ಪಗೆ ಹರಡಿದ್ದೆವು. ಹೂವು ಕಡಿಮೆಯಾಯಿತು, ಮರ ಉಳಿಯಿತು. ಟಬೂಬಿಯಾ ಮಾತ್ರ ಯಾವ ಚಿಂತೆಯೂ ಇಲ್ಲದೆ ನಿಂತಿತ್ತು, ಅದನ್ನೂ ಹೇಳಲೇಬೇಕು. ನೀರಿನ ಅನುಕೂಲವೇ ಇಲ್ಲದವರಿಗೆ, ಜಾಗ ಇದ್ದರೆ, ಅದೇ ವಾಸಿ.

ಕೊಂಬೆ ಸವರುವ ಕಾಲವೂ ಬೇರೆ. ಹೊಳೆದಾಸವಾಳ ಹೂ ಬಿಡುವುದು ಆ ವರ್ಷದ ಹೊಸ ಚಿಗುರಿನಲ್ಲಿ. ಎಲೆ ಉದುರಿದ ಮೇಲೆ, ಚಿಗುರುವ ಮೊದಲು, ಜನವರಿಯಲ್ಲಿ ಸವರಿದರೆ ತೆನೆ ದಪ್ಪಗೆ ಬರುತ್ತದೆ. ಟಬೂಬಿಯಾವನ್ನು ಜನವರಿಯಲ್ಲಿ ಸವರಿದರೆ ಆ ವರ್ಷದ ಹೂವನ್ನೇ ಕತ್ತರಿಸಿ ಹಾಕಿದಂತೆ. ಅದಕ್ಕೆ ಹೂ ಮುಗಿದ ಕೂಡಲೇ ಕೈ ಹಾಕಬೇಕು. ಹೊಳೆದಾಸವಾಳದ ಬಾಡಿದ ತೆನೆಗಳನ್ನು ಕಾಯಿ ಕಟ್ಟುವ ಮೊದಲೇ ತೆಗೆದರೆ ಮಳೆಗಾಲದಲ್ಲಿ ಇನ್ನೊಂದು ಸಲ ಹೂ ಸಿಗುವುದುಂಟು. ಬಿಟ್ಟರೆ ಗಟ್ಟಿ ಕಾಯಿಗಳು ಮುಂದಿನ ವರ್ಷದವರೆಗೂ ನೇತಾಡುತ್ತವೆ. ಹಿಟ್ಟುತಿಗಣೆ ಕಾಟ ಇದಕ್ಕೇ ಸ್ವಲ್ಪ ಜಾಸ್ತಿ. ಎಳೆಯ ಗಿಡವಾಗಿದ್ದಾಗ ಬೇವಿನೆಣ್ಣೆಗೆ ಒಂಚೂರು ಸೋಪು ಬೆರೆಸಿ ಸಿಂಪಡಿಸುತ್ತಿದ್ದೆ, ಹತೋಟಿಗೆ ಬರುತ್ತಿತ್ತು.

ನೆಡುವುದು ಎರಡಕ್ಕೂ ಒಂದೇ ರೀತಿ. ಎರಡಡಿ ಉದ್ದ, ಅಗಲ, ಆಳದ ಗುಂಡಿ. ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ. ಗಾಳಿಗೆ ಬಾಗದಂತೆ ಬಿದಿರು ಕೋಲು ಕಟ್ಟಿ. ಜಾಗವನ್ನು ಮಾತ್ರ ನಿಧಾನವಾಗಿ ಯೋಚಿಸಿ ಆರಿಸಿ. ಮರ ಬೆಳೆದ ಮೇಲೆ ಅದು ನಿಮ್ಮ ಜಾಗದಲ್ಲೇ ಇದ್ದರೂ ಸುಮ್ನೆ ಕಡಿಯುವಂತಿಲ್ಲ. 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು.

ಸಸಿ ಕೊಳ್ಳುವಾಗ ಎಲೆ ನೋಡಿ ಕೊಳ್ಳಿ. ಹೊಳೆದಾಸವಾಳ ಅಂತ ಕೇಳಿದರೆ ಕೆಲವು ನರ್ಸರಿಗಳಲ್ಲಿ ಅದರ ಕುಳ್ಳ ತಂಗಿಯನ್ನು, ಬೇಲಿ ಸಾಲಿಗೆ ಹಾಕುವ ಪೊದೆ ಗಿಡವನ್ನು ಕೊಡುತ್ತಾರೆ. ಅದರ ಎಲೆ ಹೆಬ್ಬೆರಳಷ್ಟು, ಮರವಾಗುವ ಹೊಳೆದಾಸವಾಳದ್ದು ಅಂಗೈಗಿಂತ ಉದ್ದ. ಟಬೂಬಿಯಾದಲ್ಲಿ ಎಲೆ ಬೂದು ಬೆಳ್ಳಿ ಬಣ್ಣಕ್ಕಿದ್ದರೆ ಅದು ಹಳದಿ ಹೂವಿನದ್ದು. ಚೀಲದ ತಳವನ್ನೂ ತಿರುಗಿಸಿ ನೋಡಿ. ಬೇರು ಸುತ್ತಿ ಸುತ್ತಿ ಹೊರಗೆ ಬಂದಿದ್ದರೆ ಆ ಸಸಿ ಬೇಡ, ಪಕ್ಕದ್ದು ಚಿಕ್ಕದಿದ್ದರೂ ಅದನ್ನೇ ತೆಗೆದುಕೊಳ್ಳಿ.