ತಲೆಗೆ ಪೆಟ್ಟಾದ ಮೇಲೆ ಕೈಗೆ ಥೆರಪಿ: ಬಳ್ಳಾರಿಯ ಸೆಂಟರ್ ಒಂದರಲ್ಲಿ ವರ್ಷದ ಮೇಲಿನ ಅನುಭವ

ರೇಟಿಂಗ್: 5ಕ್ಕೆ 4. ಸೆಂಟರ್ ಹೆಸರು ಹಾಕುವುದಿಲ್ಲ. ದೂರೂ ಇದೆ, ಇನ್ನೂ ಅಲ್ಲಿಗೇ ಹೋಗಬೇಕು ನಾವು.

ನಮ್ಮನೆಯವರು ಜೀನ್ಸ್ ಯೂನಿಟ್ ಒಂದರಲ್ಲಿ ಕಟಿಂಗ್ ಮಾಸ್ಟರ್. ಸಿರುಗುಪ್ಪ ರೋಡಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಆಪರೇಷನ್ ಆಯಿತು, ಜೀವ ಉಳಿಯಿತು, ನಡಿಗೆಯೂ ಬಂತು. ಬಲಗೈ ಮಾತ್ರ ಎದೆಗೆ ಮಡಚಿಕೊಂಡು, ಮುಷ್ಟಿ ಬಿಗಿದುಕೊಂಡೇ ಉಳಿಯಿತು.

ಮೊದಲು ಮನೆಗೆ ಬರುತ್ತಿದ್ದ ಒಬ್ಬ ಫಿಸಿಯೋ ಬಾಗಿಲಿಗೆ ರಾಟೆ ಕಟ್ಟಿದ್ದರು. ಎಡಗೈಯಿಂದ ಹಗ್ಗ ಎಳೆದು ಬಲಗೈ ಮೇಲೆತ್ತಬೇಕು. ಹೆಗಲು ನೋವು ಶುರುವಾಗಿ ರಾತ್ರಿ ನಿದ್ದೆ ಹೋಯಿತು. ಸೆಂಟರ್‌ನ ಆಕ್ಯುಪೇಶನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮತ್ತೆ ಮಾಡಲು ಕಲಿಸುವವರು) ಮೇಡಂ ಇದನ್ನು ಕೇಳಿದವರೇ, "ಅಕ್ಕಾ, ಆ ರಾಟೆ ಇವತ್ತೇ ಬಿಚ್ಚಿಹಾಕಿ" ಅಂದರು. ಹೆಗಲಿನ ಸ್ನಾಯು ಸೋತಾಗ ತೋಳಿನ ಮೂಳೆ ಗುಣಿಯಿಂದ ಸ್ವಲ್ಪ ಕೆಳಗೆ ಜಾರಿರುತ್ತದಂತೆ. ಹಾಗೇ ಮೇಲಕ್ಕೆ ಜಗ್ಗಿದರೆ ಒಳಗೆ ಒತ್ತುತ್ತದೆ. ಮಂಚದಿಂದ ಎಬ್ಬಿಸುವಾಗಲೂ ಆ ಕೈ ಹಿಡಿದು ಎಳೆಯಬಾರದು. ಇನ್ನೊಂದು ಎಚ್ಚರಿಕೆ ಮೊಣಕೈದು. ತಲೆಗೆ ಪೆಟ್ಟಾದ ಕೆಲವರಲ್ಲಿ ಕೀಲಿನ ಸುತ್ತ ಮಾಂಸದೊಳಗೇ ಹೊಸ ಮೂಳೆ ಬೆಳೆಯುತ್ತದೆ. ಮೊಣಕೈ ಬಿಸಿಯಾಗಿ ಊದಿದರೆ, ಮಡಚುವುದು ದಿನೇ ದಿನೇ ಕಮ್ಮಿಯಾದರೆ ಬಲವಂತ ಮಾಡದೆ ಡಾಕ್ಟರಿಗೆ ತೋರಿಸಬೇಕು. ಎಣ್ಣೆ ಹಚ್ಚಿ ಜಗ್ಗುವವರು ನಮ್ಮ ಕಡೆ ಊರಿಗೊಬ್ಬರು ಇದ್ದಾರೆ, ಅದಕ್ಕೇ ಇಷ್ಟು ಬರೆದೆ.

ಇಲ್ಲಿ ಮೊದಲು ಅಳತೆ ತೆಗೆದರು. ಒಂದೊಂದೇ ಕೀಲು ಬಗ್ಗಿಸಿ ಬಿಗಿತಕ್ಕೆ 0ಯಿಂದ 4ರವರೆಗೆ ಅಂಕ ಹಾಕಿದರು. 0 ಅಂದ್ರೆ ಬಿಗಿತವೇ ಇಲ್ಲ, 4 ಅಂದ್ರೆ ಕೀಲು ಅಲ್ಲಾಡುವುದೇ ಇಲ್ಲ. ನಡುವೆ ಹಲಗೆ ಇರುವ ಡಬ್ಬಿ ಇಟ್ಟು, ಒಂದು ನಿಮಿಷದಲ್ಲಿ ಎಷ್ಟು ಮರದ ತುಂಡು ಆಚೆ ಹಾಕುತ್ತಾರೆ ಅಂತ ಎಣಿಸಿದರು. ಇವೆಲ್ಲ ಕೈಯ ಲೆಕ್ಕ. ಆಮೇಲೆ ನೆನಪು, ಗಮನ, ಸುಸ್ತು, ಸಿಟ್ಟು, ಎಲ್ಲ ಕೇಳಿದರು. ಕೈ ನೋಡಲು ಬಂದರೆ ಇದೆಲ್ಲ ಯಾಕೆ ಅನ್ನಿಸಿತು. ಕಾರಣ ಆಮೇಲೆ ಗೊತ್ತಾಯಿತು. ಸ್ಟ್ರೋಕ್ ಆದವರಿಗೂ ತಲೆಗೆ ಪೆಟ್ಟಾದವರಿಗೂ ಕೈ ನೋಡಲು ಒಂದೇ ಥರ ಕಂಡರೂ, ಪೆಟ್ಟಾದವರಲ್ಲಿ ಮೆದುಳಿನ ಬೇರೆ ಬೇರೆ ಕಡೆ ಏಟು ಬಿದ್ದಿರುತ್ತದೆ. ಹೇಳಿದ್ದು ನೆನಪಲ್ಲಿ ನಿಲ್ಲುವುದಿಲ್ಲ, ಬೇಗ ದಣಿಯುತ್ತಾರೆ. ಅದಕ್ಕೇ ಇವರಿಗೆ ಚಿಕ್ಕ ಚಿಕ್ಕ ಸಿಟ್ಟಿಂಗ್, ನಡುವೆ ವಿಶ್ರಾಂತಿ, ಒಂದು ಸಲಕ್ಕೆ ಒಂದೇ ಮಾತು. ಟಿವಿ ಬಂದ್. ಮನೆಯಲ್ಲಿ ಮಾಡಬೇಕಾದ್ದನ್ನು ದಪ್ಪ ಅಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿದ್ದೇವೆ. ಮಾಡಿದ ಮೇಲೆ ಅವರೇ ಎಡಗೈಯಲ್ಲಿ ಟಿಕ್ ಹಾಕುತ್ತಾರೆ.

ನಾನು ಅಂಕ ಕೊಟ್ಟಿದ್ದು ಮುಖ್ಯವಾಗಿ ಮುಂದಿನದಕ್ಕೆ. "ಅಣ್ಣಾ, ಈ ಕೈಯಿಂದ ಏನೇನ್ ಕೆಲ್ಸ ಮಾಡ್ತಿದ್ರಿ?" ಅಂತ ಮೇಡಂ ಕೇಳಿದರು. ಮರುದಿನ ಡೆನಿಮ್ ಪೀಸ್, ಚಾಕ್, ಪ್ಯಾಟರ್ನ್ ತರಲು ಹೇಳಿದರು. ಚಾಕ್‌ಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟರು. ಎಡಗೈ ಪ್ಯಾಟರ್ನ್ ಒತ್ತಿ ಹಿಡಿಯಬೇಕು, ಬಲಗೈ ಅಂಚಿನಲ್ಲಿ ಗೆರೆ ಎಳೆಯಬೇಕು. ಮೊದಮೊದಲು ಗೆರೆ ಎಲ್ಲೆಲ್ಲೋ ಹೋಗುತ್ತಿತ್ತು, ಹೆಗಲು ಕಿವಿವರೆಗೆ ಏರುತ್ತಿತ್ತು. ಆದರೂ ಬಾಲ್ ಹಿಚುಕು ಅಂದ್ರೆ ಮುಖ ತಿರುಗಿಸುತ್ತಿದ್ದವರು ಇದಕ್ಕೆ ತಾವೇ ಕೂತರು. ಊಟದ್ದೂ ಹೀಗೆಯೇ. ಮೊದಲು ಕಟಕ್ ರೊಟ್ಟಿ ಮುರಿಯಬೇಕು, ಅದು ಸ್ವಲ್ಪ ಒತ್ತಿದರೆ ಸಾಕು. ಅದು ಬಂದ ಮೇಲೆ ಬಿಸಿ ರೊಟ್ಟಿ. ಮೆತ್ತಗಿನ ರೊಟ್ಟಿ ಹರಿಯಲು ಬೆರಳು ಹಿಡಿದೂ ಇರಬೇಕು, ಮಣಿಕಟ್ಟು ತಿರುಗಲೂ ಬೇಕು. ದಿನಾ ರೊಟ್ಟಿ ಬಡಿಯುವ ನನಗೇ ಈ ವ್ಯತ್ಯಾಸ ಹೊಳೆದಿರಲಿಲ್ಲ!

ಒಳ್ಳೇ ಕೈಗೆ ಗವಸು ಹಾಕಿ ಸೋತ ಕೈಯನ್ನೇ ದುಡಿಸುವ ಥೆರಪಿ ಇದೆ. ಅಮೆರಿಕದ ಎಡ್ವರ್ಡ್ ಟಾಬ್ ಎಂಬುವರ ತಂಡ ಬೆಳೆಸಿದ್ದು. ಮೂಲ ಪದ್ಧತಿಯಲ್ಲಿ ಎರಡು ವಾರ, ದಿನಕ್ಕೆ 6 ಗಂಟೆ ಅಭ್ಯಾಸ, ಎಚ್ಚರ ಇರುವಷ್ಟು ಹೊತ್ತಿನ ಶೇ. 90ರಷ್ಟು ಗವಸು. ಮಣಿಕಟ್ಟು, ಬೆರಳು ತಾವಾಗಿ ಸ್ವಲ್ಪ ಮೇಲೇಳುವವರಿಗೆ ಮಾತ್ರ ಇದು ಆಗುತ್ತದೆ. ನಾನು ಮೊದಲೇ ಕೇಳಿದ್ದೆ, ಮೇಡಂ ಒಪ್ಪಲಿಲ್ಲ. ಬೆರಳು ಎದ್ದ ಮೇಲೇ ಶುರು ಮಾಡಿದರು, ಅದೂ ತಿಂಡಿ ಹೊತ್ತಿಗೆ, ಸ್ವಲ್ಪ ಹೊತ್ತು. ಮೆಟ್ಟಿಲು ಹತ್ತುವಾಗ, ಒಲೆ ಹತ್ತಿರ ಗವಸು ಇರಬಾರದು. ಇದರ ಅಧ್ಯಯನ ಜಾಸ್ತಿ ನಡೆದಿರುವುದು ಸ್ಟ್ರೋಕ್ ಆದವರ ಮೇಲೆ, ಇವರಿಗೆ ಎಷ್ಟು ಒಗ್ಗುತ್ತದೋ ನೋಡುತ್ತಾ ಹೋಗೋಣ ಅಂತ ನೇರವಾಗಿ ಹೇಳಿದರು. ಒಂದು ದಿನ ಸಿಟ್ಟಲ್ಲಿ ಗವಸು ಕಿತ್ತು ಒಗೆದರು ನಮ್ಮವರು. ಆ ವಾರ ಮೇಡಂ ಅದನ್ನು ಬಿಟ್ಟರು, ಒತ್ತಾಯ ಮಾಡಲಿಲ್ಲ.

ಮುಷ್ಟಿ ಬಿಡಿಸಲು ಬೊಟಾಕ್ಸ್ ಇಂಜೆಕ್ಷನ್. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡು ಬಂದೆವು. ದುಬಾರಿ. ಅದರ ಪ್ರಭಾವ ಸುಮಾರು ಮೂರು ತಿಂಗಳು. ಅದು ಬಿಗಿತ ಇಳಿಸುತ್ತದೆ ಅಷ್ಟೇ, ಶಕ್ತಿ ಕೊಡುವುದಿಲ್ಲ. ಆ ಮೂರು ತಿಂಗಳಲ್ಲಿ ಥೆರಪಿ ನಡೆಯದಿದ್ದರೆ ದುಡ್ಡು ದಂಡ. ಬಿಗಿತಕ್ಕೆ ಮಾತ್ರೆಯೂ ಇದೆ, ಆದರೆ ತೂಕಡಿಕೆ ತರುತ್ತದೆ. ಮೊದಲೇ ಗಮನ ಕಮ್ಮಿ ಇರುವವರಿಗೆ ಅದು ಬೇರೆ ತಲೆನೋವು. ರಾತ್ರಿ ಹಾಕಲು ಕೈ ಸ್ಪ್ಲಿಂಟ್ ಕೊಟ್ಟಿದ್ದಾರೆ. ಬಿಸಿ ನೀರಲ್ಲಿ ಮೆತ್ತಗೆ ಮಾಡಿ ಕೈ ಅಳತೆಗೆ ಕೂರಿಸುವ ಪ್ಲಾಸ್ಟಿಕ್ ಅದು. ನಮ್ಮ ಮೇ ತಿಂಗಳ ಬಿಸಿಲಲ್ಲಿ, ಬೈಕ್ ಮೇಲಾಗಲಿ ಮುಚ್ಚಿದ ಕಾರಲ್ಲಾಗಲಿ ಬಿಡಬೇಡಿ, ಆಕಾರ ಕೆಡಬಹುದು.

ಈಗ ದೂರು. ಇಡೀ ಸೆಂಟರ್‌ಗೆ ಆಕ್ಯುಪೇಶನಲ್ ಥೆರಪಿಸ್ಟ್ ಒಬ್ಬರೇ. ಅವರು ರಜಾ ಹಾಕಿದರೆ ಸಹಾಯಕ ಹುಡುಗ ಬಂದು ಸ್ನಾಯುವಿಗೆ ಸಣ್ಣ ಕರೆಂಟ್ ಕೊಡುವ ಯಂತ್ರ ಇಟ್ಟು ಮೊಬೈಲ್ ನೋಡುತ್ತಾ ಕೂರುತ್ತಾನೆ, ಬಿಲ್ ಮಾತ್ರ ಅಷ್ಟೇ. ಕರೆಂಟ್ ಇಡುವುದು ತಪ್ಪಲ್ಲ. ಮಣಿಕಟ್ಟು ಎತ್ತುವ ಸ್ನಾಯುವಿಗೆ ಇಟ್ಟು, ಅದೇ ಹೊತ್ತಿಗೆ ಲೋಟ ಹಿಡಿಸಿದರೆ ಉಪಯೋಗ ಇದೆ. ಸುಮ್ನೆ ಮಲಗಿಸಿ ಇಟ್ಟರೆ ಏನು ಬಂತು? ಆಮೇಲೆ ಕೈ ಹಿಡಿದು ಆಡಿಸುವ ರೋಬೋಟ್ ಯಂತ್ರದ್ದು. ರಿಸೆಪ್ಷನ್‌ನವರು ಪ್ರತಿ ತಿಂಗಳು ಎಕ್ಸ್‌ಟ್ರಾ ದುಡ್ಡಿಗೆ ಅದನ್ನು ಹಚ್ಚಲು ನೋಡುತ್ತಾರೆ. ಬ್ರಿಟನ್‌ನಲ್ಲಿ 770 ಸ್ಟ್ರೋಕ್ ರೋಗಿಗಳ ಮೇಲೆ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಬೋಟ್ ಥೆರಪಿ ಮಾಮೂಲಿ ಚಿಕಿತ್ಸೆಗಿಂತ ಕೈ ಕೆಲಸ ಹೆಚ್ಚಿಸಲಿಲ್ಲ. ನನ್ನ ತಮ್ಮ ಹುಡುಕಿ ತೋರಿಸಿದ ಮೇಲೆ ನಾವು ಬೇಡ ಅಂದೆವು. ಸೆಂಟರ್ ಇರುವುದು ಮೊದಲನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಇಂಥ ರೋಗಿಗಳು ಬರುವ ಜಾಗ ಅಲ್ವಾ ಅದು?

ಈಗಿನ ಸ್ಥಿತಿ: ಅಂಗಿ ಗುಂಡಿ ಇನ್ನೂ ಎಡಗೈಯಲ್ಲೇ. ರೊಟ್ಟಿ ಬಲಗೈಯಲ್ಲಿ. ಯೂನಿಟ್‌ಗೆ ಅರ್ಧ ದಿನ ಹೋಗಿ ಮಾರ್ಕಿಂಗ್ ಮಾಡುತ್ತಾರೆ. ಕರೆಂಟ್ ಕಟರ್ ಹತ್ತಿರ ಬಿಡಬೇಡಿ ಅಂತ ಮೇಡಂ ಓನರ್‌ಗೇ ಫೋನ್ ಮಾಡಿ ಹೇಳಿದ್ದಾರೆ. ಫಿಟ್ಸ್ ಮಾತ್ರೆ ಇನ್ನೂ ನಡೀತಿದೆ, ಗಮನವೂ ಪೂರ್ತಿ ಬಂದಿಲ್ಲ.

ಸೇರುವವರಿದ್ದರೆ ಮೇಡಂ ಇರುವ ದಿನ ಕೇಳಿಕೊಂಡು ಹೋಗಿ, ಬೆಳಗ್ಗೆ ಹೊತ್ತು ತಗೊಳ್ಳಿ. ಮಧ್ಯಾಹ್ನದ ಮೇಲೆ ರೋಗಿಯೂ ದಣಿದಿರುತ್ತಾರೆ, ರಶ್ಶೂ ಇರುತ್ತದೆ. ಪ್ಯಾಕೇಜ್ ಕಟ್ಟಬೇಡಿ, ವಾರದ ಲೆಕ್ಕದಲ್ಲಿ ಕೊಡುತ್ತೇವೆ ಅನ್ನಿ. ಮೊದಲು ಗೊಣಗುತ್ತಾರೆ, ಆಮೇಲೆ ಒಪ್ಪುತ್ತಾರೆ.